ಕತ್ತಾಳೆಯ ತವರಿನಲ್ಲಿ ಹೊಸ ನೀರು

ನವನಗರ

“ಬರಿಯೂದಾದ್ರ ಗಿಡದಿಂದ ಶುರು ಮಾಡು, ನೀರಿನಿಂದ ಬ್ಯಾಡ” ಎಂದು ದೇಸಾಯಿ ಸರ್ ಅಪ್ಪಣೆ ಮಾಡಿದ್ದಾರೆ. ಪ್ರಯತ್ನಿಸುತ್ತೇನೆ. ಮೆಕ್ಸಿಕೋದಿಂದ ತಿರುಗಿ ಬಂದು ಎಂಟು ತಿಂಗಳಾಯಿತು. ಈಗಲೂ ಮಾಳಿಗೆಯ ಮೇಲಿನ ಟಾಕಿ ತುಂಬಿ ನೀರು ಗೋಡೆಗುಂಟ ಸುರಿಯುವ ಸದ್ದು ಕೇಳಿದರೆ, ಕೈಯಲ್ಲಿದ್ದುದನ್ನು ಬಿಟ್ಟು, ಹತ್ತಿ ನಿಲ್ಲಲು ಎತ್ತರದ ಜಾಗ ಹುಡುಕುತ್ತೇನೆ. ಮೊನ್ನೆ ಅಡುಗೆಮನೆಯ ಕಟ್ಟೆಯನ್ನೇ ಹತ್ತಿದ್ದೆ. ನನ್ನ ಯಜಮಾನರು ಬಂದು ನೋಡಿ, ಹೋಗಿ ಮೋಟರು ಬಂದ್ ಮಾಡಿದರು.

ಇರಲಿ. ಗಿಡ.

ಗಿಡವೆಂದರೆ ಕತ್ತಾಳೆ. ನಮ್ಮ ಕಡೆ ಹೊಲದ ಬೇಲಿಗೆ ಹಚ್ಚುವ, ಎಲೆಯ ತುದಿಗೆ ದಬ್ಬಳದಂಥ ಮುಳ್ಳಿರುವ, ನಾರು ತೆಗೆದು ಹಗ್ಗ ಹೊಸೆಯುವ ಅದೇ ಕತ್ತಾಳೆ. ಅದನ್ನು ನೋಡಲು ಭೂಮಿಯ ಆ ಮಗ್ಗುಲಿಗೆ ಹೋಗಬೇಕೇ ಎಂದು ನಮ್ಮ ಓಣಿಯ ಎಲ್ಲರೂ ಕೇಳಿದರು. ಪಕ್ಕದ ಮನೆಯಾಕೆಯಂತೂ, “ಶಾರದಕ್ಕಾ, ಮುಧೋಳ ರೋಡಿನಾಗ ಬೇಕಾದಷ್ಟೈತಿ, ಟಂಟಂದಾಗ ಕುಂಡರ್‍ಸಿ ತೋರ್‍ಸಿಕೊಂಡ್ ಬರ್ತೀನಿ ಬಾ” ಎಂದಳು.

ನಾನು ಗುಳೇದಗುಡ್ಡದ ನೇಕಾರರ ಮನೆಯವಳು. ನಮ್ಮ ಮನೆತನದಲ್ಲಿ ಮಗ್ಗದ ಸದ್ದು ಬಿಟ್ಟು ಕಾಲೇಜಿನ ಗಂಟೆ ಕೇಳಿದವರಲ್ಲಿ ನಾನೇ ಮೊದಲಿಗಳು. ಬಾಗಲಕೋಟೆಯಲ್ಲಿ ನನಗೆ ಸಸ್ಯಶಾಸ್ತ್ರ ಕಲಿಸಿದವರು ದೇಸಾಯಿ ಸರ್. ಈಗ ನಾನೂ ನವನಗರದ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ಸರ್ ಅವರ ಮನೆ ಹಳೆಯ ಊರಿನಲ್ಲಿ, ಘಟಪ್ರಭೆಗೆ ಹತ್ತಿರವಿತ್ತು. ಹಿತ್ತಲಿಗೆ ಕತ್ತಾಳೆಯ ಸಾಲು. ನಮ್ಮ ಮೊದಲ ಪ್ರಾಯೋಗಿಕ ತರಗತಿ ನಡೆದದ್ದು ಆ ಸಾಲಿನ ಮುಂದೆ. “ಇದರ ಮೂಲ ಎಲ್ಲಿ?” ಎಂದು ಸರ್ ಕೇಳಿದ್ದರು. ನಾನು ಎದ್ದು ನಿಂತು, “ನಿಮ್ಮ ಹಿತ್ತಲದಾಗ್ರಿ ಸರ್” ಎಂದಿದ್ದೆ. ಆ ಮಾತನ್ನು ಇಂದಿಗೂ ಬಂದವರಿಗೆಲ್ಲ ಹೇಳಿ ನಗುತ್ತಾರೆ.

ಆಮೇಲೆ ಆಣೆಕಟ್ಟಿನ ಹಿನ್ನೀರು ಬಂತು. ಓಣಿ, ಮನೆ, ಕತ್ತಾಳೆಯ ಸಾಲು ಎಲ್ಲ ಮುಳುಗಡೆಯಾಯಿತು. ನಾವು ಸೆಕ್ಟರುಗಳ ಊರಾದ ಈ ನವನಗರಕ್ಕೆ ಬಂದೆವು. ಇಲ್ಲಿ ಪ್ರತಿಯೊಂದು ಗಿಡವನ್ನೂ ಯಾರೋ ಗುಂಡಿ ತೋಡಿ ನೆಟ್ಟಿದ್ದಾರೆ. ನಿವೃತ್ತರಾದ ಮೇಲೆ ಸರ್ ಸಂಜೆ ಅಡ್ಡಾಡುವಾಗ ಒಂದೇ ಮಾತು ಆಡುತ್ತಿದ್ದರು.

“ನಾವೂ ನೆಟ್ಟ ಗಿಡ ಆದ್ವಿ ಶಾರದಾ. ಕತ್ತಾಳಿನೂ ಅಷ್ಟ, ಯಾರೋ ಹಡಗಿನಾಗ ತಂದು ಹಚ್ಚಿದ್ದು. ಯಾರೂ ಹಚ್ಚದನ, ತನ್ನಷ್ಟಕ್ಕ ತಾನು ಬೆಳೆದ ಕತ್ತಾಳಿ ಒಂದ ಒಂದು ನೋಡಬೇಕು ನಾ. ಅದರ ತವರುಮನ್ಯಾಗ.”

ಹತ್ತು ವರ್ಷ ಕೇಳಿದ ಮೇಲೆ ಒಂದು ದಿನ, “ನಡೀರಿ ಹಂಗಾದ್ರ” ಎಂದೆ. ಅಂತರ್ಜಾಲದಲ್ಲಿ ಗಿಡದ ಹುಚ್ಚಿನವರ ಒಂದು ಗುಂಪಿದೆ. ಅವರ ಮೂಲಕ ಮೆಕ್ಸಿಕೋದ ಈಶಾನ್ಯಕ್ಕಿರುವ ಬೆಟ್ಟಸಾಲಿನಲ್ಲಿ ರಮೋನ್ ಎಂಬ ಕುರಿ-ಮೇಕೆಯವನ ಪರಿಚಯವಾಯಿತು. ಹೊರಡುವ ದಿನ ಸರ್ ಅವರ ಹೆಂಡತಿ ಕಾಕು ನನ್ನ ಕೈಯಲ್ಲಿ ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಡಬ್ಬಿ ಇಟ್ಟು, ಗಂಡನಿಗೆ ಕೇಳದ ಹಾಗೆ ಹೇಳಿದರು: “ಇವರಿಗೆ ಗಿಡ ಕಂಡ್ರ ನೆಲಾ ಕಾಣಂಗಿಲ್ಲ. ಹೆಂಗ ಕರ್ಕೊಂಡ್ ಹೊಂಟಿ, ಹಂಗ ತಂದು ಮುಟ್ಟಸವಾ.”

“ಮುಟ್ಟಸ್ತೀನ್ರಿ ಕಾಕು” ಎಂದೆ. ಅಷ್ಟು ಸುಲಭವಾಗಿ.

ಮೊಂಟೆರ್ರೇ ವಿಮಾನ ನಿಲ್ದಾಣ

ತಪಾಸಣೆಯವನು ಹಿಂಡಿಯ ಡಬ್ಬಿ ತೆರೆದು ಮೂಸಿದ, ಮೂರು ಸಲ ಸೀನಿದ, ಪಕ್ಕದವನನ್ನು ಕರೆದ. ಅವನು ಬೆರಳು ಅದ್ದಿ ನೆಕ್ಕಿದ. ಇಬ್ಬರೂ ಕಣ್ಣಲ್ಲಿ ನೀರು ತಂದುಕೊಂಡು ಗೌರವದಿಂದ ಡಬ್ಬಿ ಮುಚ್ಚಿ ಮರಳಿಸಿದರು. ಖಾರ ತಿನ್ನುವವರ ದೇಶವೆಂದು ಆಗಲೇ ಸಮಾಧಾನವಾಯಿತು. ಆದರೆ ಸರ್ ತಮ್ಮ ಕರವಸ್ತ್ರದ ತುದಿಯಲ್ಲಿ ಗಂಟು ಹಾಕಿ ತಂದಿದ್ದ ಒಂದು ಹಿಡಿ ಬಿಳಿಜೋಳವನ್ನು ಬಿಡಲಿಲ್ಲ. ರಮೋನನಿಗೆ ಕೊಡಲೆಂದು ತಂದದ್ದು. ಬಿತ್ತನೆಯ ಕಾಳು ಒಳಗೆ ಹೋಗಕೂಡದು ಎಂದು ಬುಟ್ಟಿಗೆ ಸುರಿದರು.

“ನೋಡು ಇವರ ನ್ಯಾಯ” ಎಂದರು ಸರ್, ಖಾಲಿ ಕರವಸ್ತ್ರ ಕೊಡವುತ್ತ. “ಇವರ ಕತ್ತಾಳಿ, ಇವರ ಪಾಪಾಸುಕಳ್ಳಿ, ಇವರ ಮೆಣಸಿನಕಾಯಿ ನಮ್ಮ ದೇಶಾ ತುಂಬ ಹಬ್ಬ್ಯಾವ. ನಾವು ಏನಾರ ಅಂದ್ವೇನು?”

ರಮೋನ್ ಹೊರಗೆ ಕಾಯುತ್ತಿದ್ದ. ಅರುವತ್ತರ ಆಸುಪಾಸು, ಗಿಡ್ಡ ಆಳು, ಮುಖದ ಅರ್ಧ ಟೋಪಿಯ ನೆರಳಿನಲ್ಲಿ. ಅವನ ಹಳೆಯ ಗಾಡಿಯ ಬಾಗಿಲಿಗೆ ಚಿಲಕವಿಲ್ಲ. ಬೂದು ಹಗ್ಗದಿಂದ ಬಿಗಿದಿದ್ದ. ಸರ್ ಕೈಕುಲುಕುವುದನ್ನು ಬಿಟ್ಟು ಮೊದಲು ಹಗ್ಗ ಮುಟ್ಟಿದರು. “ಕತ್ತಾಳಿ ನಾರು!” ಎಂದರು ಕನ್ನಡದಲ್ಲೇ. ರಮೋನ್ “ಮಗೇಯ್” ಎಂದ. ಅವರ ಭಾಷೆಯಲ್ಲಿ ಕತ್ತಾಳೆಗೆ ಅದೇ ಹೆಸರು.

“ಮಗಾ ಅಂತಾನಲ್ಲಲೇ ಇಂವಾ ಕತ್ತಾಳಿಗೆ!” ಸರ್ ಮುಖ ಅರಳಿತು. “ಮತ್ತ ನಾವು ಸುಮ್ಮನ ಮುಳ್ಳು ಮುಳ್ಳು ಅಂತೀವಿ.”

ರಮೋನನ ಊರು

ನಮ್ಮ ಮೂವರಿಗೂ ಬರುತ್ತಿದ್ದದ್ದು ಹರಕು ಇಂಗ್ಲಿಷ್ ಮತ್ತು ಕೈಸನ್ನೆ. ರಮೋನನ ಮಾತನ್ನು ನಾನು ನಮ್ಮೂರ ಮಾತಿನಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೆಯೇ ಕೇಳಿಸುತ್ತಿತ್ತು.

ದಾರಿಯ ಎರಡೂ ಕಡೆ ಸುಣ್ಣಗಲ್ಲಿನ ಬೆಟ್ಟಗಳು, ನಡುವೆ ಬೋಳು ಬಯಲು. ಬಯಲಿನ ತುಂಬ ಯುಕ್ಕಾ ಮರಗಳು. ನಮ್ಮ ಸರಕಾರಿ ಕಚೇರಿಗಳ ಮುಂದೆ ಕುಂಡದಲ್ಲಿ ಮೊಳಕಾಲುದ್ದ ನಿಂತಿರುವ ಗಿಡ ಅಲ್ಲಿ ಎರಡಾಳೆತ್ತರ ಬೆಳೆದು, ಕೈಕೈ ಕವಲೊಡೆದು, ಕೂದಲು ಕೆದರಿಕೊಂಡು ನಿಂತಿರುತ್ತದೆ. ಬದಾಮಿಯ ಕೆಂಪು ಬಂಡೆ ನೋಡಿದ ಕಣ್ಣಿಗೆ ಆ ಬೆಟ್ಟಗಳು ಬಣ್ಣ ಹಾಕುವುದನ್ನು ಯಾರೋ ಮರೆತಂತೆ ಕಂಡವು.

ಮನೆಯಲ್ಲಿ ರಮೋನನ ಹೆಂಡತಿ ಚೇಲೋ ರೊಟ್ಟಿ ತಟ್ಟುತ್ತಿದ್ದಳು. ಮೆಕ್ಕೆಜೋಳದ್ದು, ಅಂಗೈ ಅಗಲದ್ದು. ಸದ್ದು ಮಾತ್ರ ನಮ್ಮದೇ. ನಾನು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಆ ಸದ್ದು ಕೇಳುತ್ತ ನಿಂತುಬಿಟ್ಟೆ. ಆಕೆ ಬಂದು ನನ್ನ ಚಪ್ಪಲಿಯನ್ನು ಒಳಗೆ ತಂದಿಟ್ಟಳು, ಮರೆತೆನೇನೋ ಎಂದು. ಮತ್ತೆ ಹೊರಗೆ ಬಿಟ್ಟೆ. ಮತ್ತೆ ತಂದಿಟ್ಟಳು. ನಾಲ್ಕು ದಿನವೂ ಇದೇ ನಡೆಯಿತು.

ನಾನು ಆಕೆಗಾಗಿ ಗುಳೇದಗುಡ್ಡದ ಖಣ ಒಯ್ದಿದ್ದೆ. ಕುಪ್ಪಸ ಹೊಲಿಸಿಕೋ ಎಂದು ತೋಳು, ಬೆನ್ನು ತೋರಿಸಿ ಹೇಳಿದೆ. ಆಕೆ ತಲೆಯಾಡಿಸಿ, ಬಟ್ಟೆಯನ್ನು ಕಣ್ಣಿಗೊತ್ತಿಕೊಂಡು, ಹೋಗಿ ಗೋಡೆಯ ಗೂಡಿನಲ್ಲಿದ್ದ ಮರಿಯಮ್ಮನ ಮೂರ್ತಿಯ ಪಾದದಡಿ ಹಾಸಿದಳು. ನಮ್ಮಲ್ಲಿ ದೇವಿಗೆ ಖಣ ಏರಿಸುತ್ತೇವೆ ಎಂದು ಆಕೆಗೆ ಯಾರು ಹೇಳಿದ್ದರು?

ಎರಡನೆಯ, ಮೂರನೆಯ ದಿನ

ಬೆಳಗಾದರೆ ಹುಡುಕಾಟ. ಡಬ್ಬಿಯಾಕಾರದ ಕಳ್ಳಿಗಳಿದ್ದವು, ನಮ್ಮ ನೀರಿನ ಹಂಡೆಯಷ್ಟು ದಪ್ಪ, ಮೈಯೆಲ್ಲ ಕೊಕ್ಕೆ. ಬಂಡೆಯ ಸೀಳಿನಲ್ಲಿ ಗುಂಡಿಯಷ್ಟೇ ಇರುವ ಕಳ್ಳಿಗಳಿದ್ದವು, ಅವನ್ನು ಕಾಣಲು ನೆಲಕ್ಕೆ ಗಲ್ಲ ಹಚ್ಚಬೇಕು. ಸರ್ ಪ್ರತಿಯೊಂದರ ಮುಂದೆ ಮಂಡಿಯೂರಿ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಇದನ್ನ ಯಾರು ಹಚ್ಚಿದ್ರು?”

“ದೇವರು” ಎನ್ನುತ್ತಿದ್ದ ರಮೋನ್. ಸ್ವಲ್ಪ ಯೋಚಿಸಿ, “ಇಲ್ಲಾಂದ್ರ ಹಕ್ಕಿ” ಎನ್ನುತ್ತಿದ್ದ.

ಗೇಣುದ್ದದ ಒಂದು ಜಾತಿ ಕತ್ತಾಳೆ ಬೆಟ್ಟದ ಮೈಯೆಲ್ಲ ಹಬ್ಬಿತ್ತು. ಅದರ ಮುಳ್ಳು ಸರಿಯಾಗಿ ಮೊಳಕಾಲ ಕೆಳಗೆ ಚುಚ್ಚುತ್ತದೆ. ನಮ್ಮಿಬ್ಬರ ಕಾಲೂ ಜರಡಿಯಾದವು. ಸರ್ ಹೊಸ ಬೂಟು ಹಾಕಿಕೊಂಡು ಬಂದಿದ್ದರು. ಎರಡನೆಯ ದಿನಕ್ಕೇ ಹಿಮ್ಮಡಿ ಸುಲಿದಿತ್ತು.

ಆದರೆ ನಾವು ಹುಡುಕುತ್ತಿದ್ದ ಕತ್ತಾಳೆ, ನಮ್ಮ ಹಿತ್ತಲಿನ ದೊಡ್ಡ ಬೂದು ಕತ್ತಾಳೆ, ಅಲ್ಲೂ ಬೇಲಿಯಲ್ಲೇ ಇತ್ತು! ಪ್ರತಿ ಹಳ್ಳಿಯ ಸುತ್ತ, ಸಾಲುಸಾಲಾಗಿ, ಅಜ್ಜಂದಿರು ನೆಟ್ಟದ್ದು. ಮೂರನೆಯ ದಿನ ಸಂಜೆ ಅಂಥದೊಂದು ಬೇಲಿಯ ಮುಂದೆ ಸರ್ ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೂತುಬಿಟ್ಟರು.

“ತವರಿಗೆ ಬಂದ್ರೂ ಇದು ಬಾಡಿಗಿ ಮನ್ಯಾಗ ಅದ ನೋಡು” ಎಂದರು.

ರಮೋನನಿಗೆ ಮಾತು ತಿಳಿಯಲಿಲ್ಲ, ಮುಖ ತಿಳಿಯಿತು. ಅಲ್ಲಿನವರು ಬೆರಳಿನಿಂದ ದಿಕ್ಕು ತೋರಿಸುವುದಿಲ್ಲ. ಗದ್ದ ಎತ್ತಿ ತೋರಿಸುತ್ತಾರೆ. ಅವನು ಪಶ್ಚಿಮದ ಬೆಟ್ಟದ ಕಡೆ ಗದ್ದ ಎತ್ತಿದ. “ಅಲ್ಲೊಂದೈತಿ. ಬಂಡಿ ನೆತ್ತಿ ಮ್ಯಾಲ. ಯಾರೂ ಹಚ್ಚಿಲ್ಲ, ಅಲ್ಲಿಗೆ ನನ್ನ ಆಡು ಬಿಟ್ಟು ಯಾರೂ ಹೋಗೂದಿಲ್ಲ. ಈ ವರ್ಷ ಹೂ ಬಿಟ್ಟೈತಿ. ಸತ್ತ ಹೋಗೂದ್ರೊಳಗ ನೋಡ್ರಿ.”

ಕತ್ತಾಳೆ ಬದುಕಿನಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುತ್ತದೆ. ಸರ್ ಆ ರಾತ್ರಿ ಮಲಗಲಿಲ್ಲವೆಂದು ಬೆಳಿಗ್ಗೆ ಅವರ ಕಣ್ಣು ನೋಡಿ ತಿಳಿಯಿತು.

ನಾಲ್ಕನೆಯ ದಿನ

ಮೂರು ತಾಸು ಹತ್ತಿದೆವು. ಸರ್ ಕುಂಟುತ್ತಿದ್ದರು, ಆದರೆ ನಿಲ್ಲುತ್ತಿರಲಿಲ್ಲ. ಒಂದು ತಿರುವಿನಲ್ಲಿ ರಮೋನ್ ಗದ್ದ ಎತ್ತಿದ. ನಮ್ಮೆದುರು ಒಂದು ಆಳವಾದ ಒಣ ಹಳ್ಳ. ಹಳ್ಳದ ಆಚೆ ಬಂಡೆಯ ದಿಬ್ಬ. ದಿಬ್ಬದ ನೆತ್ತಿಯಲ್ಲಿ, ಆಕಾಶಕ್ಕೆ ಬರೆದಂತೆ, ಹಳದಿ ಹೂವಿನ ಒಂದು ಕಂಬ.

ಸರ್ ಕೈ ಮುಗಿಯಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು.

ಇನ್ನೂ ಸುತ್ತುಹಾದಿಯಲ್ಲಿ ಹೋಗಬೇಕು, ಈ ಕಾಲಿನಲ್ಲಿ ಆಗದು ಎಂದು ರಮೋನ್ ಗುಡ್ಡದ ಹಿಂದಿನ ಕೊಟ್ಟಿಗೆಯಿಂದ ಹೇಸರಗತ್ತೆ ತರಲು ಹೊರಟ. “ಅಓರಿತಾ” ಎಂದ. ಆ ಮಾತಿಗೆ ‘ಈಗ ಬಂದೆ’ ಎಂದರ್ಥ. ನಮ್ಮ ಕಡೆಯ ‘ಈಗ ಬಂದೆ’ಯ ಹಾಗೆಯೇ ಅದಕ್ಕೂ ಅಳತೆಯಿಲ್ಲ. ಹೋಗುವ ಮುಂಚೆ ಹಳ್ಳದ ಕಡೆ ಗದ್ದ ತೋರಿಸಿ ಬೆರಳು ಅಲ್ಲಾಡಿಸಿದ. ಹಾವಿರಬೇಕು ಎಂದುಕೊಂಡೆ. ಹಾವು ನನಗೇನು ಹೊಸದೇ?

ಒಂದು ತಾಸು ಕಾದೆವು. ನೆತ್ತಿ ಸುಡುವ ಬಿಸಿಲು, ಗೇಣು ನೆರಳಿಲ್ಲ. ಸರ್ ಕಣ್ಣು ಆ ಕಂಬದ ಮೇಲಿಂದ ಕೀಳಲಿಲ್ಲ.

ಆಮೇಲೆ ನಾನು ಆ ಮಾತು ಆಡಿದೆ. ಎಂಟು ತಿಂಗಳಿನಿಂದ ಅದನ್ನು ಬಾಯಿಯಿಂದ ವಾಪಸು ತೆಗೆದುಕೊಳ್ಳಲು ನೋಡುತ್ತಿದ್ದೇನೆ.

“ಹಳ್ಳದಾಗ ನೆಳ್ಳೈತ್ರಿ ಸರ್. ಇಳದು ಕುಂಡ್ರೂಣು. ಆ ಕಡಿ ದಂಡಿಗೆ ಹೋದ್ರ ಗಿಡಾನೂ ಸನೇಕ ಕಾಣ್ತೈತಿ.”

ಚಿಕ್ಕಂದಿನಲ್ಲಿ ಗುಳೇದಗುಡ್ಡದ ಗುಡ್ಡಕ್ಕೆ ಸೀತಾಫಲ ಕೀಳಲು ಹೋದಾಗ ನಾವು ಬುತ್ತಿ ಬಿಚ್ಚುತ್ತಿದ್ದದ್ದು ಹಳ್ಳದಲ್ಲೇ. ಹಳ್ಳವೆಂದರೆ ತಂಪು, ಮೆತ್ತನೆ ಉಸುಕು, ದಾರಿ ತಪ್ಪಿದರೆ ಊರಿಗೆ ಮುಟ್ಟಿಸುವ ಹಾದಿ. ಹಳ್ಳಕ್ಕೆ ಹೆದರಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಇಳಿದು, ದಿಬ್ಬದ ಕಡೆಯ ಗೋಡೆಯ ನೆರಳಿಗೆ ಹೋದೆವು. ಎರಡೂ ಕಡೆ ಆಳೆರಡಾಳು ಗೋಡೆ. ಕೆಳಗೆ ಉಸುಕು. ಎಷ್ಟು ತಂಪಿತ್ತೆಂದರೆ ಸರ್ “ಆಹಾ” ಎಂದು ಬೂಟು ಬಿಚ್ಚಿದರು. ಮೇಲೆ ನೀಲಿ ಆಕಾಶ. ದೂರದ ಶಿಖರದ ಮೇಲೆ ಹಿಂಜಿದ ಅರಳೆಯಷ್ಟು ಮೋಡ, ಕೆಳಗಂಚು ಮಾತ್ರ ಕಪ್ಪು. ನೋಡಿದ್ದೆ. ನೋಡಿಯೂ ಏನೂ ಅನ್ನಿಸಲಿಲ್ಲ.

ಮೊದಲು ವಾಸನೆ ಬಂತು, ತೊಯ್ದ ಮಣ್ಣಿನದು. ಆಮೇಲೆ ಹಳ್ಳದ ತಿರುವಿನಿಂದ ಒಂದು ಕಂದು ನಾಲಿಗೆ ಉಸುಕಿನ ಮೇಲೆ ತೆವಳಿಕೊಂಡು ಬಂತು. ಬೆರಳು ಮುಳುಗುವಷ್ಟೂ ಇಲ್ಲ. ಮುಂದೆ ನೊರೆ, ನೊರೆಯಲ್ಲಿ ಒಣಗಿದ ಎಲೆ, ಕಡ್ಡಿ, ಓಡುತ್ತಿರುವ ಇರುವೆ.

ಇದನ್ನು ಓದುವ ನಮ್ಮ ಕಡೆಯವರಿಗೆ ಗೊತ್ತು. ಬೇಸಿಗೆ ಕಳೆದು ಹೊಳೆಗೆ ಮೊದಲ ನೀರು ಬಂದಾಗ ನಾವೇನು ಮಾಡುತ್ತೇವೆ? ಓಡಿಹೋಗಿ ನೋಡುತ್ತೇವೆ. ‘ಹೊಸ ನೀರು ಬಂತು’ ಎಂದು ಓಣಿಗೆಲ್ಲ ಕೂಗುತ್ತೇವೆ. ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಹಳೆಯ ಬಾಗಲಕೋಟೆಯಲ್ಲಿ ಸರ್ ಅವರ ಮನೆ ಮಂದಿಯೆಲ್ಲ ವರ್ಷವರ್ಷ ಘಟಪ್ರಭೆಗೆ ಹೀಗೆ ಹೋಗುತ್ತಿದ್ದರು.

“ಸರ್, ಹೊಸ ನೀರು!” ಎಂದೆ ನಾನು. ಖುಷಿಯಿಂದ.

“ಹೌದಲಾ!” ಎಂದರು ಸರ್. ಬರಿಗಾಲಿನಲ್ಲಿ ನಾಲ್ಕು ಹೆಜ್ಜೆ ಅದರೆದುರಿಗೆ ಹೋದರು. ಬಗ್ಗಿ ಬೊಗಸೆಯಲ್ಲಿ ತುಂಬಿಕೊಂಡರು. ಗುಡುಗುಡು ಸದ್ದು ಕೇಳಿತು. “ರಮೋನನ ಗಾಡಿ ಬಂತೇನೋ” ಎನ್ನುತ್ತ ನೀರನ್ನು ಕಣ್ಣಿಗೊತ್ತಿಕೊಂಡರು. ಕಣ್ಣು ಮುಚ್ಚಿದ್ದರು.

ಅಲ್ಲಿಗೆ ಗಾಡಿ ಬರುವ ಹಾದಿಯೇ ಇಲ್ಲ ಎಂದು ನನಗೆ ಹೊಳೆದದ್ದು ಆಗ.

ತಿರುವಿನಿಂದ ಬಂದದ್ದು ನೀರಿನ ಹಾಗಿರಲಿಲ್ಲ. ಕಲ್ಲು, ಕಟ್ಟಿಗೆ, ಕೆಸರಿನ ಗೋಡೆಯೊಂದು ಎದ್ದು ನಡೆದು ಬರುತ್ತಿತ್ತು. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ನನ್ನ ಕೈಗೆ ಗೋಡೆಯಿಂದ ಹೊರಬಂದ ಬಂಡೆಯ ಒಂದು ಚಾಚು ಸಿಕ್ಕಿತು, ಹತ್ತಿದೆ. ನಾನು ಮೊದಲು ಹತ್ತಿದೆ. ಇದನ್ನೂ ಬರೆಯಬೇಕು. ತಿರುಗಿ ನೋಡಿದಾಗ ಸರ್ ನಿಂತ ಜಾಗದಲ್ಲಿ ನೀರಿತ್ತು.

ಹತ್ತು ಹೆಜ್ಜೆ ಕೆಳಗೆ, ಉರುಳಿ ಬಂದ ಯುಕ್ಕಾದ ದಿಮ್ಮಿಯೊಂದು ಬಂಡೆಗೆ ಅಡ್ಡ ಸಿಕ್ಕಿಕೊಂಡಿತ್ತು. ಅದರ ಮತ್ತು ಬಂಡೆಯ ನಡುವೆ ಸರ್. ತಲೆ ಮೇಲಿತ್ತು. ಚಾಚಿನ ಗುಂಟ ತೆವಳಿ ಹೋಗಿ ಅವರ ಕೊರಳಿನ ಟವೆಲ್ಲು ಹಿಡಿದೆ, ಆಮೇಲೆ ಅಂಗಿ, ಆಮೇಲೆ ರಟ್ಟೆ. ಮೇಲೆ ಎಳೆದುಕೊಂಡಾಗ ಅವರ ಬಲಗಾಲು ತಿರುಗಬಾರದ ದಿಕ್ಕಿಗೆ ತಿರುಗಿತ್ತು. ನೀರು ನಮ್ಮ ಚಾಚಿಗಿಂತ ಒಂದು ಗೇಣು ಕೆಳಗಿತ್ತು. ನೋಡುತ್ತಿದ್ದಂತೆ ನಾಲ್ಕು ಬೆರಳಾಯಿತು.

“ಶಾರದಾ, ಮ್ಯಾಲ ಹತ್ತು. ರಮೋನನ್ನ ಕರಿ.”

“ನಿಮ್ಮನ್ನ ಬಿಟ್ಟು ನಾ ಎಲ್ಲೂ ಹೋಗಂಗಿಲ್ರಿ.”

“ಬಿಟ್ಟು ಅಂತ ಯಾರಂದ್ರು? ಕರೀಲಿಕ್ಕೆ ಹೋಗು.” ಹಲ್ಲು ಕಚ್ಚಿಕೊಂಡು ಮಾತಾಡುತ್ತಿದ್ದರು. ನಾನು ಕದಲದಿರುವುದನ್ನು ನೋಡಿ ತರಗತಿಯ ದನಿಯಲ್ಲಿ ಗದರಿದರು: “ಮ್ಯಾಲ ಗಿಡ ಅದ. ಹೂವು ಹೆಂಗವ, ನೋಡಿಕೊಂಡು ಬಾ. ನಡಿ!”

ಆ ದನಿಗೆ ಕಾಲು ತಾವಾಗಿ ಎದ್ದವು. ಅವರ ಟವೆಲ್ಲು ನನ್ನ ಕೈಯಲ್ಲೇ ಇತ್ತು.

ದಿಬ್ಬದ ಮೇಲೆ

ನಾವು ಇಡೀ ಭೂಮಿ ಸುತ್ತಿ ಬಂದದ್ದು ಆ ಗಿಡಕ್ಕಾಗಿ. ನಾನು ಅದರ ಪಕ್ಕದಲ್ಲಿ ನಿಂತಿದ್ದೆ. ಒಂದು ಕೈಯಲ್ಲಿ ಅದರ ಕಂಬ ಹಿಡಿದು, ಇನ್ನೊಂದು ಕೈಯಲ್ಲಿ ಟವೆಲ್ಲು ಬೀಸುತ್ತ ಕೂಗುತ್ತಿದ್ದೆ. ಏನು ಕಂಡೆ ಎಂದರೆ, ಕೆಳಗೆ ಕಂದು ನೀರು. ಚಾಚಿನ ಮೇಲೆ ಸರ್ ಅವರ ಬಿಳಿ ಅಂಗಿ. ನೀರು ಅಂಗಿಗೆ ಮುಟ್ಟಿತೋ ಇಲ್ಲವೋ. ಆಚೆ ದಂಡೆಯಲ್ಲಿ ಬಹಳ ಹೊತ್ತಿನ ಮೇಲೆ ಹೇಸರಗತ್ತೆ, ಅದರ ಪಕ್ಕ ಟೋಪಿ. ಗಿಡ ಕಾಣಲೇ ಇಲ್ಲ.

ಮುಂದಿನದು ರಮೋನನ ಕೆಲಸ. ಅವನು ಸುತ್ತಿ ಬಂದು, ಕತ್ತಾಳೆ ನಾರಿನ ಹಗ್ಗ ಬಿಟ್ಟು, ತಾನೇ ಇಳಿದು ಸರ್ ಅವರನ್ನು ಬೆನ್ನಿಗೆ ಕಟ್ಟಿಕೊಂಡು ಬಂದ. ಅಷ್ಟರಲ್ಲಿ ಹಳ್ಳ ಇಳಿಯತೊಡಗಿತ್ತು. ಸಂಜೆಗೆ ಉಸುಕು ಮತ್ತೆ ಕಾಣುತ್ತಿತ್ತು, ಏನೂ ಆಗದವರ ಹಾಗೆ. ರಮೋನ್ ನನಗೆ ಒಂದು ಮಾತೂ ಬೈಯಲಿಲ್ಲ. ಒಂದೇ ಸಲ, ನನ್ನ ಮುಂದೆ ಬೆರಳು ಅಲ್ಲಾಡಿಸಿ ತೋರಿಸಿ, “ಹಿಂಗಂದ್ರ ಬ್ಯಾಡ ಅಂತ” ಎಂದ. ಅವನ ಕಣ್ಣಲ್ಲಿ ನೀರಿತ್ತು.

ಆಸ್ಪತ್ರೆ

ತೊಡೆಯ ಎಲುಬು ಮುರಿದಿತ್ತು. ಪಟ್ಟಣದ ಆಸ್ಪತ್ರೆಯಲ್ಲಿ ಮೂರು ವಾರ. ಅಲ್ಲಿ ಸಂಬಂಧವಿಲ್ಲದವರೂ ಹಾಸಿಗೆಯ ಬಳಿ ಬಂದು ಕೂತು, ಅರ್ಧ ತಾಸು ಸುಮ್ಮನಿದ್ದು, ಕೈ ತಟ್ಟಿ ಹೋಗುತ್ತಾರೆ. ನಮ್ಮಲ್ಲಾಗಿದ್ದರೆ ಹೇಗಾಯಿತು, ಎಲ್ಲಾಯಿತು ಎಂದು ಕೇಳಿ ಕೇಳಿ ಪ್ರಾಣ ತಿನ್ನುತ್ತಿದ್ದರು. ಅವರ ಮೌನ ನನಗೆ ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು. ಯಾರಾದರೂ ಬೈಯಲಿ ಎಂದು ಕಾಯುತ್ತಿದ್ದೆ.

ಚೇಲೋ ದಿನಾ ಬಿಸಿ ರೊಟ್ಟಿ ತರುತ್ತಿದ್ದಳು. ದೇವರ ಪಾದದಡಿಯ ಅದೇ ಖಣದಲ್ಲಿ ಸುತ್ತಿ. ಮೊದಲ ದಿನ ಮಂಚದ ಕಂಬಿಗೆ ಹಾಕಿದ್ದ ಸರ್ ಅವರ ಟವೆಲ್ಲಿಗೆ ಇರುವೆ ಸಾಲುಗಟ್ಟಿದ್ದವು. ಆಕೆ ಬೈದುಕೊಳ್ಳುತ್ತ ಅದನ್ನು ಕಿಟಕಿಯಾಚೆ ಕೊಡವಿ, ಒಗೆದು ತಂದಳು. ಹಿಂಡಿ ಚೆಲ್ಲಿರಬೇಕು ಎಂದುಕೊಂಡೆ.

ಮತ್ತೆ ನವನಗರ

ಗಾಲಿಕುರ್ಚಿಯಲ್ಲಿ ಬಂದ ಗಂಡನನ್ನು ಕಾಕು ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ನನ್ನನ್ನು ನೋಡಿದರು. “ಬಂದ್ರಲ್ಲಾ” ಎಂದರು. “ಒಳಗ ಬರ್‍ರಿ, ಚಹಾ ಇಡ್ತೀನಿ.” ನನ್ನ ತಟ್ಟೆಗೆ ಎರಡು ಹೋಳಿಗೆ ಹೆಚ್ಚು ಹಾಕಿದರು. 

ಸರ್ ಈಗ ಕಬ್ಬಿಣದ ಚೌಕಟ್ಟು ಹಿಡಿದು ವರಾಂಡದ ತನಕ ನಡೆಯುತ್ತಾರೆ. ಇನ್ನು ಗುಡ್ಡ ಹತ್ತುವುದಿಲ್ಲ. ಡಾಕ್ಟರು ಹೇಳಿದ್ದಾರೆ, ಅವರಿಗೂ ಗೊತ್ತು. ಪ್ರತಿ ರವಿವಾರ ಮಧ್ಯಾಹ್ನ ಹೋಗುತ್ತೇನೆ. ಪ್ರತಿ ರವಿವಾರ ಕೇಳುತ್ತಾರೆ: “ಹೂವು ಹೆಂಗಿದ್ವು, ಹೇಳು.”

ನಾನು ಹೇಳುತ್ತಿದ್ದೆ. ಕಂಬ ಇಷ್ಟೆತ್ತರ, ಕವಲು ಇಷ್ಟು, ಗೊಂಚಲು ಮೇಲ್ಮುಖ, ಬಣ್ಣ ಹಸಿರು ಬೆರೆತ ಹಳದಿ. ಏಳು ತಿಂಗಳು ಹೇಳಿದೆ. ಹೋದ ತಿಂಗಳು ಅವರು ನಡುವೆ ತಡೆದರು.

“ಶಾರದಾ, ಇದು ಪುಸ್ತಕದಾಗಿಂದು.”

ನಾನು ಚಹಾದ ಕಪ್ಪು ಕೆಳಗಿಟ್ಟೆ.

“ನಾ ಕಲಿಸಿದ ಪುಸ್ತಕ ನನಗ ಓದಿ ಹೇಳ್ತಿಯೇನು?”

“ನೋಡ್ಲಿಲ್ರಿ ಸರ್” ಎಂದೆ. ಅಷ್ಟು ತಿಂಗಳ ಮೇಲೆ ಅಳು ಬಂತು. “ಅದರ ಮಗ್ಗಲಕ್ಕ ನಿಂತಿದ್ದೆ. ಆದ್ರ ನೋಡ್ಲಿಲ್ಲ. ನೀರ ನೋಡ್ಕೋತ ನಿಂತೆ. ನಿಮ್ಮನ್ನ ಹಳ್ಳಕ್ಕ ಇಳಿಸಿದಾಕಿನೂ ನಾನ, ಗಿಡ ನೋಡದ ಬಂದಾಕಿನೂ ನಾನ.”

 ಒಳಗೆ ಕಾಕು ಪಾತ್ರೆ ಇಡುವ ಸದ್ದು ನಿಂತಿತ್ತು.

“ಹೊಸ ನೀರು ಅಂದ್ರ ಇಳಿಯದ ಇರ್ತಿದ್ನೇನು ನಾ? ನೀ ಇಳಿಸಿದ್ದಲ್ಲ ಅದು.” ಸರ್ ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡರು. “ಇರಲಿ. ಗಿಡ ಬ್ಯಾಡ. ನೀರ ಹೇಳು. ಮ್ಯಾಲ ನಿಂತಾಗ ಏನೇನಾತು, ಒಂದೂ ಬಿಡದ ಹೇಳು.”

ಹೇಳಿದೆ. ಬಂಡೆಯ ಅಂಚಿನಲ್ಲಿ ನಿಂತದ್ದು. ಗಿಡ ಅಂಚಿನ ಕೆಳಗೆ ಬೇರು ಬಿಟ್ಟಿತ್ತು, ಕಂಬ ನನ್ನ ಪಕ್ಕದಲ್ಲೇ ಮೇಲಕ್ಕೆ ಹೋಗಿತ್ತು. ಎಡಗೈಯಲ್ಲಿ ಅದನ್ನು ಹಿಡಿದದ್ದು, ಬಲಗೈಯಲ್ಲಿ ಟವೆಲ್ಲು ತಲೆಯ ಮೇಲೆ ಬೀಸಿದ್ದು, ಟವೆಲ್ಲು ಯಾವುದಕ್ಕೋ ತೊಡರಿ ತೊಡರಿ ಬಿಡಿಸಿಕೊಂಡದ್ದು. ಆಸ್ಪತ್ರೆಯಲ್ಲಿ ಅದಕ್ಕೆ ಇರುವೆ ಬಂದದ್ದನ್ನೂ ಹೇಳಿದೆ.

“ಇರುವಿ?” ಸರ್ ಮುಂದಕ್ಕೆ ಬಾಗಿದರು. “ನೀರಾಗ ತೊಯ್ದ ಟವೆಲ್ಲಿಗೆ ಇರುವಿ ಯಾಕ ಬರ್ತಾವ?”

“ಹಿಂಡಿ...”

“ಹಿಂಡಿ ಮನ್ಯಾಗಿತ್ತು. ಅದು ಹೂವಿನ ಜೇನು, ಹುಚ್ಚಿ. ನಿನ್ನ ತಲಿಗೆ ಹತ್ತೂವಂಗ ಇದ್ವು ಹೂವು. ತೊಟ್ಟಿಕ್ಕತಿದ್ವು.” ಅವರ ದನಿ ಮೂವತ್ತು ವರ್ಷ ಹಿಂದಿನದಾಗಿತ್ತು. “ಮುಂದ? ಕಂಬ ಹಿಡಿದಿದ್ದಿ. ಹೆಂಗಿತ್ತು?”

“ಗೊತ್ತಿಲ್ರಿ. ಕೈ ನಡಗತಿತ್ತು. ಅದೊಂದ ನೆನಪೈತಿ. ಅಂಜಿ ನಡಗೂದು, ನಿಲ್ಲವಲ್ಲದು. ಇನ್ನೂ ಕೆಲವೊಮ್ಮೆ ನಿದ್ದಿಯೊಳಗ ಈ ಕೈ ಹಂಗ ನಡಗತೈತ್ರಿ.”

“ಯಾವ ಕೈ?”

“ಎಡಗೈರಿ.”

“ಬಲಗೈ?”

ನಾನು ನೆನಪು ಮಾಡಿಕೊಂಡೆ. ಟವೆಲ್ಲು ಬೀಸುತ್ತಿದ್ದ ಕೈ. ಗಟ್ಟಿಯಾಗಿತ್ತು. ಮಗ್ಗದ ದಾರ ಎಳೆಯುವಾಗ ಅವ್ವನ ಕೈ ಇರುತ್ತಿತ್ತಲ್ಲ, ಹಾಗೆ.

“ಬಲಗೈ ನಡಗಲಿಲ್ರಿ.”

“ಅಂಜಿಕಿ ಒಂದ ಕೈಗೆ ಬರ್ತದೇನು?” ಎಂದರು ಸರ್. “ಹಾಡೇ ಹಗಲು, ಜೇನು ಸೋರೂ ಹೂವು, ನಿನ್ನ ತಲಿ ಮ್ಯಾಲ. ಎಷ್ಟು ಸಾವಿರ ಜೇನುಹುಳ ಇದ್ದಿರಬೇಕು! ಕಂಬಕ್ಕ ಕಂಬ ಗುಂಯ್ ಅಂತಿತ್ತು. ನಡಗಿದ್ದು ನೀ ಅಲ್ಲ, ಶಾರದಾ. ಗಿಡ.”

ನಾನು ನನ್ನ ಎಡಗೈ ನೋಡಿಕೊಂಡೆ.

ಸರ್ ಎರಡು ಬೆರಳು ಚಾಚಿ ನನ್ನ ಅಂಗೈಯನ್ನು ಮೆಲ್ಲಗೆ ಮುಟ್ಟಿದರು. ಆ ಬೆರಳುಗಳನ್ನು ತಮ್ಮ ಎರಡೂ ಕಣ್ಣಿಗೆ ಒತ್ತಿಕೊಂಡರು, ಹೊಸ ನೀರಿಗೆ ಮಾಡುವ ಹಾಗೆ. ಕಣ್ಣು ಮುಚ್ಚಿಕೊಂಡೇ ಇದ್ದರು. ಈ ಸಲ ನೀರು ಬಂತೇನೋ ಎಂದು ನಾನು ತಿರುಗಿ ಹಿಂದೆ ನೋಡಲಿಲ್ಲ.